ಏರ್ ರೈಫಲ್‌ಗೆ ಮನೆಯಲ್ಲೇ ಮರದ ಸ್ಟಾಕ್: ಅಳತೆಯಿಂದ ಟ್ರಿಗರ್ ಹದದವರೆಗೆ

ಪುಣೆಯ ಬಾಲೇವಾಡಿ ಕ್ರೀಡಾ ಸಂಕೀರ್ಣದ ಶೂಟಿಂಗ್ ರೇಂಜ್‌ನಲ್ಲಿ ಅಭ್ಯಾಸಕ್ಕೆ ನಿಂತ ಮಕ್ಕಳನ್ನು ಹಿಂದಿನಿಂದಲ್ಲ, ಪಕ್ಕದಿಂದ ನೋಡಿ. ಗುರಿ ಹಲಗೆಯ ಕಡೆ ನಮ್ಮ ಗಮನ ಹೋಗುವುದು ಸಹಜ. ಆದರೆ ನೋಡಬೇಕಾದದ್ದು ಮಕ್ಕಳ ಕತ್ತು. ಬಹಳಷ್ಟು ಮಕ್ಕಳು ಕತ್ತು ಮುಂದೆ ಚಾಚಿ, ತಲೆ ವಾಲಿಸಿ, ಕೆನ್ನೆಯನ್ನು ಮರಕ್ಕೆ ಒತ್ತಿ ಹಿಡಿದಿರುತ್ತಾರೆ. ಯಾರದೋ ಅಳತೆಗೆ ಮಾಡಿದ ರೈಫಲ್‌ಗೆ ತಮ್ಮ ಮೈಯನ್ನು ಬಗ್ಗಿಸುತ್ತಿರುತ್ತಾರೆ. ಅರವತ್ತು ಗುಂಡುಗಳ ಸ್ಪರ್ಧೆಯಲ್ಲಿ ನಲವತ್ತನೆಯದು ಬರುವ ಹೊತ್ತಿಗೆ ಕತ್ತಿನ ಸ್ನಾಯು ನಡುಗಲು ಶುರುವಾಗುತ್ತದೆ. ಅಪ್ಪ ಅಮ್ಮ ಇನ್ನೂ ದುಬಾರಿ ರೈಫಲ್ ಕೊಡಿಸುವ ಯೋಚನೆ ಮಾಡುತ್ತಾರೆ. ಅದಕ್ಕೂ ಮೊದಲು ಇರುವ ರೈಫಲ್‌ನ ಸ್ಟಾಕ್ ಅನ್ನು, ಅಂದರೆ ಕೆನ್ನೆಗೂ ಭುಜಕ್ಕೂ ಒರಗುವ ಮರದ ಭಾಗವನ್ನು ಬದಲಿಸಿ ನೋಡಿ ಎಂದು ನಾನು ಹೇಳುತ್ತೇನೆ.

ಹತ್ತು ಮೀಟರ್ ಏರ್ ರೈಫಲ್‌ನ ಗುರಿ ಹಲಗೆಯಲ್ಲಿ ಹತ್ತು ಅಂಕದ ಚುಕ್ಕೆ ಬರೀ 0.5 ಮಿ.ಮೀ. ಅಗಲ. ಗುರಿ ನೋಡಲು ರೈಫಲ್ ಮೇಲಿರುವ ಹಿಂದಿನ ಸೈಟ್ ಮತ್ತು ಮುಂದಿನ ಸೈಟ್ ನಡುವೆ 70 ಸೆಂ.ಮೀ. ಅಂತರವಿದೆ ಎಂದುಕೊಳ್ಳಿ. ಅವೆರಡರ ಹೊಂದಾಣಿಕೆ 0.1 ಮಿ.ಮೀ. ತಪ್ಪಿದರೆ ಗುರಿಯಲ್ಲಿ ಸುಮಾರು 1.4 ಮಿ.ಮೀ. ತಪ್ಪುತ್ತದೆ. ಒಂದು ವೃತ್ತಕ್ಕೂ ಮುಂದಿನ ವೃತ್ತಕ್ಕೂ ಇರುವ ದೂರ 2.5 ಮಿ.ಮೀ. ಮಾತ್ರ. ಹೀಗಾಗಿ ಕೆನ್ನೆ ಪ್ರತಿಸಲವೂ ಒಂದೇ ಜಾಗದಲ್ಲಿ, ಒಂದೇ ಭಾರದಲ್ಲಿ ಕೂರಬೇಕು. ಅದನ್ನು ಸಾಧಿಸಿಕೊಡುವುದು ಸ್ಟಾಕ್. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿ ಮಹಾರಾಷ್ಟ್ರದಲ್ಲಿ ಬೆಳೆದ ಸುಮಾ ಶಿರೂರ್ 2004ರಲ್ಲಿ ಕ್ವಾಲಾಲಂಪುರದ ಏಷ್ಯನ್ ಚಾಂಪಿಯನ್‌ಷಿಪ್‌ನ ಅರ್ಹತಾ ಸುತ್ತಿನಲ್ಲಿ 400ಕ್ಕೆ 400 ಅಂಕ ಗಳಿಸಿದರು. ಆಗಿನ ನಲವತ್ತು ಗುಂಡುಗಳ ಸುತ್ತಿನಲ್ಲಿ ನಲವತ್ತು ಸಲ ಒಂದೇ ನಿಲುವು, ಒಂದೇ ಉಸಿರು, ಒಂದೇ ಸ್ಪರ್ಶ. ಮೈಗೆ ಒಗ್ಗದ ಮರವನ್ನು ಹಿಡಿದು ಅಂಥ ಸಾಧನೆ ಆಗುವುದಿಲ್ಲ.

ಕೆಲಸಕ್ಕೆ ಇಳಿಯುವ ಮುನ್ನ ಕಾನೂನಿನ ಗೆರೆ ಎಲ್ಲಿದೆ ಎಂಬುದು ಗೊತ್ತಿರಲಿ. ಇಲ್ಲಿ ಹೇಳುವುದೆಲ್ಲ ಏರ್ ರೈಫಲ್‌ಗೆ ಮಾತ್ರ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ಕೊಳವೆಯ, ಗುಂಡಿನ ಶಕ್ತಿ 20 ಜೂಲ್ ಮೀರದ ಏರ್ ರೈಫಲ್‌ಗೆ ಪರವಾನಗಿ ಬೇಕಿಲ್ಲ. ಮದ್ದಿನ ಬಂದೂಕಿನ ವಿಷಯ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಅದರ ತಯಾರಿಕೆ, ಮಾರ್ಪಾಡು, ದುರಸ್ತಿ ಎಲ್ಲವೂ ಅದಕ್ಕೆಂದೇ ಪರವಾನಗಿ ಪಡೆದವರ ಕೆಲಸ. ನಿಮ್ಮ ಬಳಿ ಪರವಾನಗಿ ಇರುವ ಪಾಯಿಂಟ್ ಟೂ ಟೂ ರೈಫಲ್ ಇದ್ದರೂ ಅದನ್ನು ಮನೆಯಲ್ಲಿ ಬಿಚ್ಚಿ ಟ್ರಿಗರ್ ಬದಲಿಸಬೇಡಿ, ಪರವಾನಗಿ ಇರುವ ಬಂದೂಕು ರಿಪೇರಿಯವರ ಬಳಿಗೇ ಒಯ್ಯಿರಿ. ಏರ್ ರೈಫಲ್‌ನಲ್ಲೂ ಸ್ಪ್ರಿಂಗ್ ಬದಲಿಸಿ ಬಲ ಹೆಚ್ಚಿಸುವ ಆಸೆ ಬೇಡ. 20 ಜೂಲ್ ದಾಟಿದ ಕ್ಷಣಕ್ಕೆ ಅದು ಪರವಾನಗಿ ಬೇಕಾದ ಆಯುಧವಾಗುತ್ತದೆ, ಮತ್ತು ಕಾಗದದ ಗುರಿಗೆ ಆ ಬಲದಿಂದ ಯಾವ ಪ್ರಯೋಜನವೂ ಇಲ್ಲ.

ಮೊದಲು ಮೈಯ ಅಳತೆ

ಮರ ಕೊಳ್ಳುವ ಮೊದಲು ಎರಡು ಮೂರು ವಾರ ಅಳತೆಗೇ ಮೀಸಲಿಡಿ. ಈಗಿರುವ ಸ್ಟಾಕ್ ಮೇಲೆಯೇ ಪ್ರಯೋಗ ಮಾಡಬೇಕು. ಬೇಕಾದ ಸಾಮಾನು ಅಗ್ಗದ್ದು: ರಟ್ಟಿನ ತುಂಡುಗಳು, ಇನ್ಸುಲೇಷನ್ ಟೇಪ್, ತೆಳು ಪ್ಲೈವುಡ್‌ನ ಚೂರುಗಳು, ಒಂದು ಸ್ಕೇಲು. ಸ್ಪರ್ಧೆಯಲ್ಲಿ ತೊಡುವ ದಪ್ಪ ಜಾಕೆಟ್ ಹಾಕಿಕೊಂಡೇ ಅಳೆಯಿರಿ. ಬನಿಯನ್‌ನಲ್ಲಿ ತೆಗೆದ ಅಳತೆ ಜಾಕೆಟ್ ಹಾಕಿದ ಮೇಲೆ ಉಪಯೋಗಕ್ಕೆ ಬರುವುದಿಲ್ಲ.

ಟ್ರಿಗರ್‌ನ ಮುಖದಿಂದ ಬಟ್‌ನ (ಭುಜಕ್ಕೆ ಒರಗುವ ಹಿಂತುದಿಯ) ನಡುಭಾಗದವರೆಗಿನ ಉದ್ದ ಮೊದಲನೆಯ ಅಳತೆ. ಮೊಣಕೈಯನ್ನು ಲಂಬಕೋನದಲ್ಲಿ ಮಡಿಸಿ, ತೋಳಿನ ಒಳಮಡಿಕೆಯಿಂದ ತೋರುಬೆರಳಿನ ತುದಿಯ ಗೆಣ್ಣಿನವರೆಗೆ ಅಳೆದರೆ ಒಂದು ಅಂದಾಜು ಸಿಗುತ್ತದೆ. ದೊಡ್ಡವರಿಗೆ ಇದು ಸಾಮಾನ್ಯವಾಗಿ 33ರಿಂದ 36 ಸೆಂ.ಮೀ. ಮಧ್ಯೆ ಬರುತ್ತದೆ, ಮಕ್ಕಳಿಗೆ ಇನ್ನೂ ಕಡಿಮೆ. ಅಂದಾಜು ಅಂದಾಜೇ, ಅದನ್ನು ನಂಬಿ ಮರ ಕತ್ತರಿಸಬೇಡಿ. ಬಟ್ ಹಿಂದೆ ಪ್ಲೈವುಡ್ ಚೂರುಗಳನ್ನು ಸೇರಿಸುತ್ತಾ ತೆಗೆಯುತ್ತಾ ನಿಂತು ನೋಡಿ. ಉದ್ದ ಹೆಚ್ಚಾದರೆ ರೈಫಲ್ ಎತ್ತುವಾಗ ಬಟ್ ಕಂಕುಳಿಗೆ ತಗಲುತ್ತದೆ, ಮೈ ಹಿಂದಕ್ಕೆ ಬಾಗುತ್ತದೆ. ಕಡಿಮೆಯಾದರೆ ಮೂಗು ಹೆಬ್ಬೆರಳಿನ ಹತ್ತಿರ ಬಂದು ಕೂರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಕೆನ್ನೆಯ ಎತ್ತರ. ಖಾಲಿ ರೈಫಲ್ ಹಿಡಿದು ನಿಲ್ಲಿ. ಕಣ್ಣು ಮುಚ್ಚಿ. ತಲೆ ನೇರವಾಗಿಟ್ಟು, ಅದರ ಸ್ವಂತ ಭಾರ ಮಾತ್ರ ಮರದ ಮೇಲೆ ಇಳಿಯುವ ಹಾಗೆ ಕೆನ್ನೆ ಒರಗಿಸಿ. ಎರಡು ಉಸಿರು ಬಿಟ್ಟು ಕಣ್ಣು ತೆರೆಯಿರಿ. ಹಿಂದಿನ ಸೈಟಿನ ತೂತಿನ ನಟ್ಟನಡುವೆ ಮುಂದಿನ ಸೈಟ್ ಕಾಣಬೇಕು. ಕಣ್ಣು ತೂತಿನಿಂದ ಕೆಳಗಿದ್ದರೆ ಕೆನ್ನೆಯ ಕೆಳಗೆ ಒಂದು ರಟ್ಟು ಸೇರಿಸಿ ಟೇಪ್ ಸುತ್ತಿ. ಮೇಲಿದ್ದರೆ ತೆಗೆಯಿರಿ. ಎಡಕ್ಕೋ ಬಲಕ್ಕೋ ಜಾರಿದ್ದರೆ ರಟ್ಟನ್ನು ಪಕ್ಕಕ್ಕೆ ಅಂಟಿಸಿ. ಮನೆಯವರು ಯಾರಾದರೂ ಪಕ್ಕದಿಂದ ಮತ್ತು ಎದುರಿನಿಂದ ಮೊಬೈಲ್‌ನಲ್ಲಿ ಫೋಟೊ ತೆಗೆಯಲಿ. ಎದುರಿನ ಫೋಟೊದಲ್ಲಿ ಎರಡು ಕಣ್ಣುಗಳನ್ನು ಸೇರಿಸುವ ಗೆರೆ ನೆಲಕ್ಕೆ ಸಮಾನಾಂತರವಾಗಿದ್ದರೆ ಕೆನ್ನೆಯ ಅಳತೆ ಸರಿಯಾಗಿದೆ. ಬೆಳಿಗ್ಗೆ ಒಮ್ಮೆ, ಸಂಜೆ ದಣಿದಾಗ ಒಮ್ಮೆ ಇದನ್ನೇ ಮಾಡಿ. ಎರಡೂ ಹೊತ್ತು ಒಂದೇ ಫಲ ಬಂದ ಮೇಲೆ ಕ್ಯಾಲಿಪರ್‌ನಲ್ಲಿ ಅಳೆದು ಬರೆದಿಡಿ.

ಆಮೇಲೆ ಹಿಡಿ. ತೋರುಬೆರಳಿನ ತುದಿ ಗೆಣ್ಣಿನ ಮೆತ್ತನೆಯ ಭಾಗ ಟ್ರಿಗರ್ ಮೇಲೆ ಬರಬೇಕು, ಬೆರಳಿನ ಉಳಿದ ಭಾಗ ಮರಕ್ಕೆ ತಾಗಬಾರದು. ತಾಗಿದರೆ ಟ್ರಿಗರ್ ಎಳೆಯುವಾಗ ರೈಫಲ್ ಪಕ್ಕಕ್ಕೆ ಸರಿಯುತ್ತದೆ. ಬೆರಳಿಗೂ ಮರಕ್ಕೂ ಮಧ್ಯೆ ಎರಡು ಮೂರು ಮಿಲಿಮೀಟರ್ ಗಾಳಿ ಇರಲಿ.

ನಿಂತು ಹೊಡೆಯುವವರ ಎಡಮೊಣಕೈ ಸೊಂಟದ ಎಲುಬಿನ ಮೇಲೆ ಕೂರುತ್ತದೆ. ಅಲ್ಲಿಂದ ಅಂಗೈವರೆಗಿನ ಎತ್ತರ ಮತ್ತು ಕಣ್ಣಿನ ಎತ್ತರ ಇವೆರಡರ ನಡುವಿನ ಕೊರತೆಯನ್ನು ಸ್ಟಾಕ್‌ನ ಮುಂಭಾಗದ ಆಳ ತುಂಬಬೇಕು. ತೋಳು ಗಿಡ್ಡ, ಕತ್ತು ಉದ್ದ ಇರುವವರಿಗೆ ಹೆಚ್ಚು ಆಳ ಬೇಕು. ಸ್ಪರ್ಧೆಗೆ ಹೋಗುವವರಿಗೆ ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ಮಿತಿಗಳಿವೆ: ಕೊಳವೆಯ ಮಧ್ಯರೇಖೆಯಿಂದ ಮುಂಭಾಗದ ಆಳ 120 ಮಿ.ಮೀ. ಮೀರಬಾರದು, ಅದರ ದಪ್ಪ 60 ಮಿ.ಮೀ. ಮೀರಬಾರದು, ರೈಫಲ್‌ನ ಒಟ್ಟು ತೂಕ 5.5 ಕಿ.ಗ್ರಾಂ ದಾಟಬಾರದು. ನಿಯಮಗಳು ಪರಿಷ್ಕರಣೆಯಾಗುತ್ತಿರುತ್ತವೆ, ಆದ್ದರಿಂದ ಕೆತ್ತುವ ಮುನ್ನ ಆ ವರ್ಷದ ನಿಯಮ ಪುಸ್ತಕದ ಕೋಷ್ಟಕವನ್ನು ಎದುರಿಗೆ ಇಟ್ಟುಕೊಳ್ಳಿ.

ಮರದ ಆಯ್ಕೆ

ಪುಣೆಯ ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್‌ಗೆ ಬೆಳಿಗ್ಗೆ ಹೋಗಿ, ಹಗಲು ಬೆಳಕಿನಲ್ಲಿ ಮರ ನೋಡಿ. ಅಕ್ರೋಟ್ ಮರ ಸ್ಟಾಕ್‌ಗೆ ಜಗತ್ತೇ ಒಪ್ಪಿದ ಮರ. ಹಗುರ, ಬಿಗಿ, ಒಮ್ಮೆ ಒಣಗಿದ ಮೇಲೆ ಅಲುಗಾಡುವುದು ಕಡಿಮೆ, ಉಳಿಯ ಮಾತು ಚೆನ್ನಾಗಿ ಕೇಳುತ್ತದೆ. ನಮ್ಮಲ್ಲಿ ಅದು ಬರುವುದು ಕಾಶ್ಮೀರದಿಂದ, ಬೆಲೆ ಜಾಸ್ತಿ. ತೇಗ ಸುಲಭವಾಗಿ ಸಿಗುತ್ತದೆ ಮತ್ತು ತೇವಕ್ಕೆ ಅಂಜುವುದಿಲ್ಲ, ಆದರೆ ಅದರಲ್ಲಿರುವ ಸಹಜ ಎಣ್ಣೆಯಿಂದಾಗಿ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಅಂಟು ಹಚ್ಚುವ ಜಾಗವನ್ನು ಸ್ಪಿರಿಟ್‌ನಲ್ಲಿ ಒರೆಸಿ ಆ ಕೂಡಲೇ ಅಂಟಿಸಬೇಕು. ಶೀಶಮ್ ಮತ್ತು ಬೀಟೆ ನೋಡಲು ಚೆಂದ, ಆದರೆ ಭಾರ. ಗುರಿ ಅಭ್ಯಾಸದ ರೈಫಲ್‌ಗೆ ಸ್ವಲ್ಪ ಭಾರ ಒಳ್ಳೆಯದೇ. ಹನ್ನೆರಡು ವರ್ಷದ ಮಗುವಿಗೆ ಅದು ಶಿಕ್ಷೆ. ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ತೇಗ. ದಾಂಡೇಲಿ ಕಡೆಯ ಹಳೆಯ ಮನೆಗಳ ತೊಲೆ, ಬಾಗಿಲುವಾಡಗಳಿಂದ ಬಂದ ಮರ ಸಿಕ್ಕರೆ ಬಿಡಬೇಡಿ. ದಶಕಗಳ ಕಾಲ ಒಣಗಿದ ಚೇಗು ಅದು, ಹೊಸ ಮರದಲ್ಲಿ ಆ ಸ್ಥಿರತೆ ಇರುವುದಿಲ್ಲ. ಅದರೊಳಗೆ ಮುರಿದ ಮೊಳೆಗಳು ಉಳಿದಿರಬಹುದು, ಗರಗಸಕ್ಕೆ ಕೊಡುವ ಮುನ್ನ ಅಯಸ್ಕಾಂತ ಆಡಿಸಿ ನೋಡಿ.

ಸುಮಾರು 80 ಸೆಂ.ಮೀ. ಉದ್ದ, 18 ಸೆಂ.ಮೀ. ಅಗಲ, 6 ಸೆಂ.ಮೀ. ದಪ್ಪದ ಹಲಗೆ ಸಾಕು. ಗಂಟು, ಸೀಳು, ಬಿಳಿ ಭಾಗ ಇರುವುದು ಬೇಡ. ಹಲಗೆಯ ಮೈಮೇಲಿನ ಚಿತ್ತಾರಕ್ಕೆ ಮರುಳಾಗುವ ಮೊದಲು ಎಳೆಗಳು ಯಾವ ದಿಕ್ಕಿಗೆ ಓಡುತ್ತಿವೆ ನೋಡಿ. ಸ್ಟಾಕ್‌ನ ಅತಿ ಸಣ್ಣ ಭಾಗ ಹಿಡಿಯ ಹತ್ತಿರದ ಕೊರಳು. ಅಲ್ಲಿ ಎಳೆಗಳು ಅಡ್ಡ ಹಾಯ್ದರೆ ಒಮ್ಮೆ ಕೈಜಾರಿ ಬಿದ್ದರೂ ಸ್ಟಾಕ್ ಎರಡು ತುಂಡಾಗುತ್ತದೆ. ರಟ್ಟಿನಲ್ಲಿ ಸ್ಟಾಕ್‌ನ ಆಕಾರ ಕತ್ತರಿಸಿ ಅಂಗಡಿಗೇ ಒಯ್ಯಿರಿ. ಹಲಗೆಯ ಮೇಲಿಟ್ಟು ತಿರುಗಿಸುತ್ತಾ, ಕೊರಳಿನ ಉದ್ದಕ್ಕೆ ಎಳೆಗಳು ಹರಿಯುವ ಜಾಗ ಹುಡುಕಿ. ಅಲ್ಲಿನ ಮರಗೆಲಸದವರಲ್ಲಿ ಕಲಬುರಗಿ, ವಿಜಯಪುರ ಕಡೆಯಿಂದ ಬಂದವರೂ ಇರುತ್ತಾರೆ. ಕನ್ನಡದಲ್ಲಿ ಕೇಳಿದರೆ ಹಲಗೆಗಳ ರಾಶಿಯ ಅಡಿಯಿಂದ ಒಳ್ಳೆಯದನ್ನು ಎಳೆದು ಕೊಡುತ್ತಾರೆ.

ತಂದ ಹಲಗೆಯ ಎರಡೂ ತುದಿಗಳಿಗೆ ಮೇಣ ಅಥವಾ ದಪ್ಪ ಬಣ್ಣ ಬಳಿಯಿರಿ. ತುದಿಯಿಂದ ತೇವ ಬೇಗ ಹೊರಟರೆ ಮರ ಸೀಳುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ತಾರೀಖು ಮತ್ತು ತೂಕವನ್ನು ಹಲಗೆಯ ಮೇಲೇ ಪೆನ್ಸಿಲ್‌ನಲ್ಲಿ ಬರೆಯಿರಿ. ವಾರಕ್ಕೊಮ್ಮೆ ತೂಗುತ್ತಿರಿ. ತೂಕ ಇಳಿಯುವುದು ನಿಂತ ಮೇಲೆ ಮರ ನಿಮ್ಮ ಮನೆಯ ಗಾಳಿಗೆ ಹೊಂದಿಕೊಂಡಿದೆ ಎಂದರ್ಥ. ಪುಣೆಯಲ್ಲಿ ಏಪ್ರಿಲ್‌ನ ಗಾಳಿ ಒಣಕಲು, ಜುಲೈನ ಗಾಳಿ ತೊಯ್ದು ತೊಪ್ಪೆ. ಏಪ್ರಿಲ್‌ನಲ್ಲಿ ಕೂದಲೆಳೆ ಬಿಗಿಯಾಗಿ ಕೂರಿಸಿದ ರೈಫಲ್‌ನ ಲೋಹದ ಭಾಗ ಜುಲೈನಲ್ಲಿ ಹೊರಗೆ ಬರುವುದಿಲ್ಲ. ದೀಪಾವಳಿ ಕಳೆದು ಗಾಳಿ ಹದವಾಗಿರುವಾಗ ಕೆತ್ತನೆ ಶುರು ಮಾಡುವುದು ವಾಸಿ. ಮುಂಬೈ, ಗೋವಾದಲ್ಲಿ ಇರುವವರಿಗೆ ವರ್ಷವಿಡೀ ತೇವ. ಅವರು ಲೋಹದ ಸುತ್ತ ಸ್ವಲ್ಪ ಹೆಚ್ಚು ಸಡಿಲ ಬಿಡಬೇಕು.

ಲೋಹವನ್ನು ಮರದಲ್ಲಿ ಕೂರಿಸುವುದು

ರೈಫಲ್ ಖಾಲಿಯಿದೆಯೇ, ಸ್ಪ್ರಿಂಗ್ ಎಳೆದ ಸ್ಥಿತಿಯಲ್ಲಿ ಇಲ್ಲವೇ ಎಂದು ಮೊದಲು ನೋಡಿ. ಗಾಳಿ ಸಿಲಿಂಡರ್ ಇರುವ ಮಾದರಿಯಾದರೆ ಸಿಲಿಂಡರ್ ಬಿಚ್ಚಿಡಿ. ಹಳೆಯ ಸ್ಟಾಕ್ ತೆಗೆಯಲು ಸಾಮಾನ್ಯವಾಗಿ ಮುಂಭಾಗದ ಎರಡು ಸ್ಕ್ರೂ, ಟ್ರಿಗರ್ ಗಾರ್ಡಿನ ಒಂದೆರಡು ಸ್ಕ್ರೂ ಬಿಚ್ಚಿದರೆ ಸಾಕು. ಸ್ಪ್ರಿಂಗ್ ಇರುವ ಕೊಳವೆಯನ್ನು ಬಿಚ್ಚಬೇಡಿ. ಅದರೊಳಗೆ ಸ್ಪ್ರಿಂಗ್ ಸದಾ ಒತ್ತಡದಲ್ಲಿಯೇ ಇರುತ್ತದೆ, ಸ್ಟಾಕ್ ಕೂರಿಸಲು ಅದನ್ನು ಮುಟ್ಟುವ ಅಗತ್ಯವೂ ಇಲ್ಲ.

ಹಲಗೆಯ ಮೇಲ್ಮೈಯನ್ನು ಹತ್ತರಿಯಲ್ಲಿ ಸಮ ಮಾಡಿ, ಉದ್ದಕ್ಕೂ ನಡುಗೆರೆ ಎಳೆಯಿರಿ. ಮುಂದಿನ ಅಳತೆಗಳೆಲ್ಲ ಈ ಗೆರೆಯಿಂದಲೇ. ಹೊರಗಿನ ಆಕಾರ ಈಗಲೇ ಕತ್ತರಿಸಬೇಡಿ. ಹಲಗೆ ಚೌಕವಾಗಿ ಇದ್ದಷ್ಟು ಹೊತ್ತು ಅದನ್ನು ವೈಸ್‌ನಲ್ಲಿ ಹಿಡಿಯುವುದು ಸುಲಭ, ಲಂಬಕೋನ ನೋಡುವುದೂ ಸುಲಭ. ಸ್ಕ್ರೂ ತೂತುಗಳನ್ನು ಮೊದಲು ಕೊರೆಯಿರಿ. ಕೈಡ್ರಿಲ್ ಸಾಲದು, ಸ್ಟ್ಯಾಂಡ್ ಇರುವ ಡ್ರಿಲ್ ಬೇಕು. ನಿಮ್ಮಲ್ಲಿ ಇಲ್ಲದಿದ್ದರೆ ಪಕ್ಕದ ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ಹತ್ತು ನಿಮಿಷದ ಕೆಲಸ. ಆಮೇಲೆ ಒಳಗಿನ ಹೆಚ್ಚಿನ ಮರವನ್ನು ಡ್ರಿಲ್‌ನಿಂದ ಸಾಲಾಗಿ ತೂತು ಹಾಕಿ ತೆಗೆದು, ಗೆರೆಯಿಂದ ಎರಡು ಮಿಲಿಮೀಟರ್ ಒಳಗೇ ನಿಲ್ಲಿಸಿ. ಅಲ್ಲಿಂದ ಮುಂದೆ ಉಳಿಯ ಕೆಲಸ. ಚಪ್ಪಟೆ ಉಳಿ ಎರಡು, ಗೋಲುಳಿ ಎರಡು, ಒಂದು ಕೀಸುವ ತಗಡು. ರವಿವಾರ ಪೇಠೆಯ ಬೋಹರಿ ಆಳಿಯಲ್ಲಿ ಇವೆಲ್ಲ ಸಿಗುತ್ತವೆ. ಅಗ್ಗದ ಉಳಿ ಬೇಡ, ಅದರ ಅಲಗು ತೇಗದಲ್ಲಿ ಅರ್ಧ ಗಂಟೆಗೆ ಮೊಂಡಾಗುತ್ತದೆ.

ಇನ್ನು ಈ ಕೆಲಸದ ಜೀವಾಳ. ಲೋಹದ ಮೈಗೆ ತೆಳುವಾಗಿ ಕಪ್ಪು ಬಳಿದು, ಮರದೊಳಗೆ ಇಳಿಸಿ, ಎತ್ತಿ, ಮರಕ್ಕೆ ಕಪ್ಪು ಹತ್ತಿದ ಜಾಗವನ್ನು ಮಾತ್ರ ಕೀಸುವುದು. ಇದಕ್ಕೆ ಅಂಗಡಿಯಲ್ಲಿ ನೀಲಿ ಬಣ್ಣದ ಟ್ಯೂಬ್ ಸಿಗುತ್ತದೆ. ನನಗೆ ಮನೆಯ ಕಾಡಿಗೆಯೇ ಇಷ್ಟ. ಹರಳೆಣ್ಣೆ ದೀಪದ ಮೇಲೆ ಹಿತ್ತಾಳೆ ತಟ್ಟೆ ಬೋರಲು ಹಾಕಿದರೆ ಕೂಡುವ ಮಸಿಗೆ ನಾಲ್ಕು ಹನಿ ಹರಳೆಣ್ಣೆ ಬೆರೆಸಿ. ಹಳೆಯ ಟೂತ್‌ಬ್ರಷ್‌ನಲ್ಲಿ ಲೋಹಕ್ಕೆ ಹಚ್ಚಿ, ಬೆರಳಿನಿಂದ ತಟ್ಟಿ ತಟ್ಟಿ ಬೂದು ಬಣ್ಣಕ್ಕೆ ಬರುವಷ್ಟು ತೆಳು ಮಾಡಿ. ದಪ್ಪವಾದರೆ ತಾಗದ ಜಾಗಕ್ಕೂ ಮಸಿ ಹತ್ತಿ ದಾರಿ ತಪ್ಪಿಸುತ್ತದೆ. ಲೋಹವನ್ನು ನೇರವಾಗಿ ಕೆಳಗಿಳಿಸಿ, ಮೇಲಿನಿಂದ ಕೊಡತಿಯ ಹಿಡಿಯಲ್ಲಿ ಮೆಲ್ಲಗೆ ಎರಡು ಬಾರಿ ತಟ್ಟಿ, ನೇರವಾಗಿ ಮೇಲೆತ್ತಿ. ಓರೆಯಾಗಿ ಎತ್ತಿದರೆ ಗೋಡೆಗಳಿಗೆಲ್ಲ ಮಸಿ ಸವರುತ್ತದೆ.

ಮೊದಲ ಸಲ ಮರದಲ್ಲಿ ಎರಡೇ ಎರಡು ಕಪ್ಪು ಚುಕ್ಕೆ ಕಾಣುತ್ತವೆ. ಲೋಹ ಆ ಎರಡು ದಿಬ್ಬಗಳ ಮೇಲೆ ನಿಂತಿದೆ. ಅವನ್ನು ಮಾತ್ರ, ಉಳಿಯನ್ನು ನೂಕದೆ ಎಳೆದು ಕೀಸಿ, ಕಾಗದದಷ್ಟು ತೆಗೆಯಿರಿ. ಮತ್ತೆ ಇಳಿಸಿ, ಎತ್ತಿ, ನೋಡಿ. ಚುಕ್ಕೆಗಳು ನಾಲ್ಕಾಗುತ್ತವೆ, ಹತ್ತಾಗುತ್ತವೆ, ಪಟ್ಟಿಯಾಗುತ್ತವೆ. ಕೆಳಭಾಗದ ಮುಕ್ಕಾಲು ಮೈಗೆ ಒಂದೇ ಸಮನಾದ ಬೂದು ಮಸಿ ಹತ್ತಿದಾಗ ಲೋಹ ಕೂತಿದೆ. ಇದಕ್ಕೆ ಸಂಜೆಗಳು ಹಿಡಿಯುತ್ತವೆ. ಕಣ್ಣು ದಣಿದಾಗ ಉಳಿ ಕೆಳಗಿಡಿ. ಈ ಹಂತದಲ್ಲಿ ಹೆಚ್ಚಾಗಿ ತೆಗೆದ ಮರವನ್ನು ವಾಪಸ್ ಹಾಕಲು ಬರುವುದಿಲ್ಲ.

ಪಕ್ಕಗಳಲ್ಲಿ ಒಂದು ಹಾಳೆ ಕಾಗದ ಹೋಗುವಷ್ಟು ಸಂದು ಬಿಡಿ, ಮಳೆಗಾಲದ ಹಿಗ್ಗುವಿಕೆಗೆ. ಕೊಳವೆ ಮಡಚುವ ಸ್ಪ್ರಿಂಗ್ ರೈಫಲ್‌ನಲ್ಲಿ ಸ್ಪ್ರಿಂಗ್ ಎಳೆಯುವ ಕಾಕಿಂಗ್ ಸರಳು ಓಡಾಡುವ ತೋಡು ಅಗಲವಾಗಿರಲಿ, ಎಲ್ಲಿಯೂ ಮರಕ್ಕೆ ತಾಗಬಾರದು. ಸಂಗ್ರಹಿತ ಗಾಳಿಯ ರೈಫಲ್‌ನಲ್ಲಿ ಸಿಲಿಂಡರ್ ಮತ್ತು ಕೊಳವೆ ಎರಡೂ ಮರದಿಂದ ಪೂರ್ತಿ ದೂರವಿರಬೇಕು. ಒತ್ತಡ ಏರಿಳಿದಂತೆ ಸಿಲಿಂಡರ್ ಅತಿ ಸೂಕ್ಷ್ಮವಾಗಿ ಹಿಗ್ಗಿ ಕುಗ್ಗುತ್ತದೆ, ಮರಕ್ಕೆ ತಾಗಿದ್ದರೆ ಗುರಿಯ ಬಿಂದು ಅದರ ಜೊತೆಗೇ ಸರಿಯುತ್ತದೆ.

ಸ್ಕ್ರೂ ಹಾದುಹೋಗುವ ಕಡೆ ಹಿತ್ತಾಳೆ ಅಥವಾ ಅಲ್ಯೂಮಿನಿಯಂ ಬುಶ್ (ಪುಟ್ಟ ಕೊಳವೆಯಂಥ ತುಂಡು) ಹಾಕಲೇಬೇಕು. ಬರೀ ಮರದ ಮೇಲೆ ಬಿಗಿದ ಸ್ಕ್ರೂ ಮರ ಕುಗ್ಗಿದಂತೆ ಸಡಿಲವಾಗುತ್ತದೆ. ಸ್ಪ್ರಿಂಗ್ ರೈಫಲ್‌ನ ಒದೆತ ಹಿಂದಕ್ಕೂ ಮುಂದಕ್ಕೂ ಇರುವುದರಿಂದ ಅದು ಇನ್ನೂ ಬೇಗ. ಭೋಸರಿಯ ಲೇತ್ ಕಾರ್ಖಾನೆಗಳಲ್ಲಿ ಅಳತೆ ಕೊಟ್ಟರೆ ಬುಶ್ ಕಡೆದು ಕೊಡುತ್ತಾರೆ. ಒಳತೂತು ಸ್ಕ್ರೂಗಿಂತ ಒಂದು ಮಿಲಿಮೀಟರ್ ದೊಡ್ಡದಿರಲಿ. ಅದನ್ನು ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ಅಂಟಿನಲ್ಲಿ ಕೂರಿಸಿ. ಐದು ನಿಮಿಷದ ಬಗೆ ಬೇಡ, ಅದು ಸರಿಪಡಿಸಲು ಸಮಯ ಕೊಡುವುದಿಲ್ಲ. ಅದೇ ಎಪಾಕ್ಸಿಯ ತೆಳು ಪದರವನ್ನು ಲೋಹ ಕೂರುವ ಎರಡು ಜಾಗಗಳಲ್ಲಿ ಹಾಕಿದರೆ ಕೂರಿಕೆ ಶಾಶ್ವತ. ಲೋಹಕ್ಕೆ ಮೊದಲೇ ಮೇಣದ ಬೂಟ್ ಪಾಲಿಷ್ ಎರಡು ಬಾರಿ ಹಚ್ಚಿ ಒರೆಸಿರಬೇಕು, ಸ್ಕ್ರೂ ತೂತುಗಳಿಗೆ ಮಕ್ಕಳಾಟದ ಜೇಡಿ ತುಂಬಿರಬೇಕು. ಇದನ್ನು ಮರೆತರೆ ಮರವೂ ಲೋಹವೂ ಒಂದಾಗಿಬಿಡುತ್ತವೆ.

ಆಕಾರ ಮತ್ತು ಎಣ್ಣೆ

ಈಗ ಹೊರಗಿನ ಆಕಾರ. ಗರಗಸದಲ್ಲಿ ಹೊರಗೆರೆ ಕತ್ತರಿಸಿ, ಒರಟು ಅರದಿಂದ ದುಂಡಗೆ ಮಾಡಿ, ಆಗಾಗ ರೈಫಲ್ ಜೋಡಿಸಿ ಜಾಕೆಟ್ ತೊಟ್ಟು ಎತ್ತಿ ನೋಡಿ. ಬರೆದಿಟ್ಟ ಅಳತೆಗಿಂತ ಕೆನ್ನೆ ಮತ್ತು ಹಿಡಿಯಲ್ಲಿ ಮೂರು ಮಿಲಿಮೀಟರ್ ಹೆಚ್ಚು ಉಳಿಸಿಕೊಂಡು, ಕೊನೆಯ ಮೂರನ್ನು ಮರಳು ಕಾಗದದಲ್ಲಿ ಇಳಿಸಿ. ಬೆಳೆಯುವ ಮಕ್ಕಳಿಗಾದರೆ ಕೆನ್ನೆಯ ಭಾಗವನ್ನು ಬೇರೆ ತುಂಡಾಗಿ ಮಾಡಿ ಎರಡು ಸ್ಕ್ರೂ ಮೇಲೆ ಏರಿಳಿಸುವಂತೆ ಇಡಿ. ವರ್ಷಕ್ಕೊಮ್ಮೆ ಹೊಸ ಸ್ಟಾಕ್ ಮಾಡಲು ಯಾರಿಗೂ ಪುರುಸೊತ್ತಿಲ್ಲ.

ಮರಳು ಕಾಗದ 120, 180, 240, 320 ಈ ಕ್ರಮದಲ್ಲಿ, ಎಳೆಗಳ ಉದ್ದಕ್ಕೇ ಉಜ್ಜಬೇಕು. ಮುಖಕ್ಕೆ ಮಾಸ್ಕ್ ಇರಲಿ. ತೇಗ ಮತ್ತು ಬೀಟೆಯ ಹುಡಿ ಗಂಟಲಿಗೂ ಚರ್ಮಕ್ಕೂ ಒಳ್ಳೆಯದಲ್ಲ. 240 ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ. ಮಲಗಿದ್ದ ಎಳೆಗಳೆಲ್ಲ ರೋಮದಂತೆ ಎದ್ದು ನಿಲ್ಲುತ್ತವೆ, ಅವನ್ನು 320ರಿಂದ ಕತ್ತರಿಸಿ. ಎರಡು ಸಲ ಹೀಗೆ ಮಾಡಿದರೆ ಮುಂದೆ ಬೆವರು ತಾಗಿದರೂ ಮೈ ಒರಟಾಗುವುದಿಲ್ಲ.

ಬಣ್ಣದಂಗಡಿಯಲ್ಲಿ ಸಿಗುವ, ಬೇಗ ಒಣಗಲೆಂದು ಸಂಸ್ಕರಿಸಿದ ಅಗಸೆ ಎಣ್ಣೆ ತನ್ನಿ. ಅಡುಗೆಯ ಅಗಸೆ ಎಣ್ಣೆ ವಾರವಾದರೂ ಅಂಟಂಟಾಗಿಯೇ ಇರುತ್ತದೆ. ಕೆಲವು ಹನಿಗಳನ್ನು ಅಂಗೈಗೆ ಹಾಕಿಕೊಂಡು, ಮರ ಬೆಚ್ಚಗಾಗುವವರೆಗೆ ತಿಕ್ಕಿ, ಕಾಲು ಗಂಟೆ ಬಿಟ್ಟು ಉಳಿದದ್ದನ್ನು ಪೂರ್ತಿ ಒರೆಸಿ. ಒಂದು ದಿನ ಒಣಗಲು ಬಿಡಿ. ಎಂಟು ಹತ್ತು ತೆಳು ಲೇಪಗಳಾದರೆ ಮರದ ಒಳಗಿನಿಂದ ಬೆಳಕು ಬಂದಂತೆ ಕಾಣುತ್ತದೆ. ಲೋಹ ಕೂರುವ ಒಳಭಾಗಕ್ಕೂ ಬಟ್ ಪ್ಲೇಟ್‌ನ ಅಡಿಯ ತುದಿಮರಕ್ಕೂ ಎಣ್ಣೆ ಕುಡಿಸಿ. ಮಳೆಗಾಲದ ತೇವ ಒಳನುಗ್ಗುವುದು ಅಲ್ಲಿಂದಲೇ. ಒಂದು ಎಚ್ಚರಿಕೆ: ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯಾದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ನೀರಿನಲ್ಲಿ ನೆನೆಸಿ, ಹೊರಗೆ ಬಿಡಿಸಿ ಹರವಿ ಒಣಗಿಸಿದ ಮೇಲೆ ಬಿಸಾಡಿ.

ಟ್ರಿಗರ್ ಕಡೆಗೆ

ಟ್ರಿಗರ್ ಕೊನೆಯ ಕೆಲಸ. ಹಿಡಿ ಬದಲಾದ ಮೇಲೆ ಬೆರಳು ಬೀಳುವ ಜಾಗವೇ ಬದಲಾಗುತ್ತದೆ, ಮೊದಲೇ ಮಾಡಿದ ಹೊಂದಾಣಿಕೆ ವ್ಯರ್ಥ.

ಒಳ್ಳೆಯ ಟ್ರಿಗರ್ ಎರಡು ಹಂತದ್ದು. ಮೊದಲ ಹಂತದಲ್ಲಿ ಹಗುರವಾಗಿ ಸರಿದು, ಒಂದು ಗೋಡೆಗೆ ತಾಗಿದಂತೆ ನಿಲ್ಲುತ್ತದೆ. ಅಲ್ಲಿಂದ ಸ್ವಲ್ಪ ಭಾರ ಸೇರಿಸಿದರೆ ಜರುಗದೆ ಮುರಿಯುತ್ತದೆ, ಅಂದರೆ ಗುಂಡು ಹಾರುತ್ತದೆ. ಹೊಂದಿಸುವ ಸ್ಕ್ರೂಗಳು ಸಾಮಾನ್ಯವಾಗಿ ನಾಲ್ಕು: ಮೊದಲ ಹಂತದ ದೂರ, ಎರಡನೆಯ ಹಂತದ ಭಾರ, ಒಟ್ಟು ಸ್ಪ್ರಿಂಗ್ ಬಿಗಿ, ಮುರಿದ ಮೇಲೆ ಟ್ರಿಗರ್ ನಿಲ್ಲುವ ತಡೆ. ಯಾವುದು ಯಾವುದೆಂದು ಆ ಮಾದರಿಯ ಕೈಪಿಡಿಯಲ್ಲಿ ನೋಡಿ. ಮುಟ್ಟುವ ಮೊದಲು ಪ್ರತಿ ಸ್ಕ್ರೂವಿನ ಈಗಿನ ಸ್ಥಾನದ ಫೋಟೊ ತೆಗೆದಿಡಿ. ಒಂದು ಸಲಕ್ಕೆ ಒಂದೇ ಸ್ಕ್ರೂ, ಕಾಲು ಸುತ್ತು ಮಾತ್ರ.

ಒಳಗೆ ಪಿಸ್ಟನ್ ಹಿಡಿದಿಡುವ ಕೊಕ್ಕೆಯನ್ನು ಅರದಿಂದ ಉಜ್ಜಿ ನುಣುಪು ಮಾಡಿದರೆ ಟ್ರಿಗರ್ ಹಗುರವಾಗುತ್ತದೆ ಎಂದು ಸಲಹೆ ಕೊಡುವವರಿದ್ದಾರೆ. ಆ ಸಲಹೆ ಕೇಳಬೇಡಿ. ಕೊಕ್ಕೆಯ ಮೇಲಿನ ಗಟ್ಟಿ ಪದರ ಕೂದಲೆಳೆಯಷ್ಟೇ ದಪ್ಪ. ಅದು ಹೋದರೆ ಕೊಕ್ಕೆ ಸವೆದು, ಕೊಳವೆ ಮಡಚಿ ಗುಂಡು ತುಂಬುತ್ತಿರುವಾಗಲೇ ಜಾರಬಹುದು. ಆಗ ಕೊಳವೆ ಚಟ್ಟನೆ ಮೇಲೇಳುವ ಹೊಡೆತಕ್ಕೆ ಬೆರಳು ಸಿಕ್ಕರೆ ಬೆರಳು ಉಳಿಯುವುದಿಲ್ಲ. ಗುಂಡು ತುಂಬುವಾಗ ಕೊಳವೆಯನ್ನು ಇನ್ನೊಂದು ಕೈಯಲ್ಲಿ ಭದ್ರವಾಗಿ ಹಿಡಿದಿರುವುದು ಯಾವ ರೈಫಲ್‌ನಲ್ಲೂ ಬಿಡಬಾರದ ಅಭ್ಯಾಸ.

ಬೆರಳಿಗೆ ತಕ್ಕ ಟ್ರಿಗರ್ ಬೇಕೆಂದರೆ ಬದಲಿಸಬೇಕಾದದ್ದು ಬೆರಳು ತಾಗುವ ಅಲಗು ಮಾತ್ರ. ಸ್ಪರ್ಧಾ ರೈಫಲ್‌ಗಳಲ್ಲಿ ಅದು ಒಂದು ಪುಟ್ಟ ಹಳಿಯ ಮೇಲೆ ಒಂದೇ ಸ್ಕ್ರೂನಿಂದ ನಿಂತಿರುತ್ತದೆ, ಹಿಂದೆ ಮುಂದೆ ಸರಿಸಬಹುದು, ಓರೆ ಮಾಡಬಹುದು. ಅದೇ ಮಾದರಿಗೆ ತಯಾರಾದ ಚಪ್ಪಟೆ, ಬಾಗಿದ, ದುಂಡು ತುದಿಯ ಅಲಗುಗಳು ಸಿಗುತ್ತವೆ. ತೀರಾ ಸಣ್ಣ ಕೈಯವರಿಗೆ ಅಲ್ಯೂಮಿನಿಯಂ ತುಂಡಿನಿಂದ ಅರದಲ್ಲೇ ತೀಡಿ ಮಾಡಿಕೊಳ್ಳಬಹುದು. ಒಳಗಿನ ಯಂತ್ರಕ್ಕೆ ಕೈ ಹಾಕದೆ ಇರುವವರೆಗೆ ಇದು ನಿರಪಾಯದ ಕೆಲಸ.

ಟ್ರಿಗರ್ ಎಳೆಯಲು ಬೇಕಾಗುವ ಭಾರ ಅಳೆಯಲು ದುಬಾರಿ ಉಪಕರಣ ಬೇಡ. ಒಂದು ಲೀಟರ್ ನೀರಿನ ಬಾಟಲಿಗೆ ದಾರ ಕಟ್ಟಿ, ಟ್ರಿಗರ್‌ನಲ್ಲಿ ಬೆರಳು ಬೀಳುವ ಜಾಗಕ್ಕೆ ಸಿಕ್ಕಿಸಿ, ದಾರ ಟ್ರಿಗರ್ ಅನ್ನು ಹಿಂದಕ್ಕೆ ಎಳೆಯುವಂತಿರಲಿ. ಸಂಗ್ರಹಿತ ಗಾಳಿಯ ಸ್ಪರ್ಧಾ ರೈಫಲ್‌ಗಳಲ್ಲಿ ಗುಂಡಿಲ್ಲದೆ ಅಭ್ಯಾಸ ಮಾಡುವ ವ್ಯವಸ್ಥೆ ಇರುತ್ತದೆ, ಅದರಲ್ಲಿ ಅಳೆಯಿರಿ. ಸ್ಪ್ರಿಂಗ್ ರೈಫಲ್ ಅನ್ನು ಗುಂಡಿಲ್ಲದೆ ಹಾರಿಸಿದರೆ ಪಿಸ್ಟನ್ ಕೊನೆಗೆ ಬಡಿದು ಹಾಳಾಗುತ್ತದೆ. ಅದನ್ನು ಗುಂಡು ತುಂಬಿ, ರೇಂಜ್‌ನಲ್ಲಿ, ಗುಂಡು ಹಿಡಿಯುವ ಪೆಟ್ಟಿಗೆಯ ಕಡೆಗೆ ಭದ್ರವಾಗಿ ಕಟ್ಟಿ ಅಳೆಯಬೇಕು. ಬಾಟಲಿಗೆ ಸ್ವಲ್ಪ ಸ್ವಲ್ಪವೇ ನೀರು ಹಾಕುತ್ತಾ ಹೋಗಿ. ಟ್ರಿಗರ್ ಮುರಿದಾಗ ಬಾಟಲಿಯನ್ನು ನೀರಿನ ಸಮೇತ ತೂಗಿದರೆ ಅದೇ ಟ್ರಿಗರ್‌ನ ಭಾರ. ಹತ್ತು ಮೀಟರ್ ಏರ್ ರೈಫಲ್‌ಗೆ ಕನಿಷ್ಠ ಭಾರದ ನಿಯಮವಿಲ್ಲ, ಏರ್ ಪಿಸ್ತೂಲ್‌ಗೆ ಮಾತ್ರ 500 ಗ್ರಾಂ ಇರಲೇಬೇಕು. ಪಳಗಿದವರು ನೂರು ಗ್ರಾಂ ಆಸುಪಾಸಿನಲ್ಲಿ ಹೊಡೆಯುತ್ತಾರೆ. ಹೊಸಬರಿಗೆ ಅಷ್ಟು ಹಗುರ ಬೇಡ, ಬೆರಳು ತಾಗುವ ಮೊದಲೇ ಗುಂಡು ಹೋಗಿರುತ್ತದೆ. ಸ್ಪ್ರಿಂಗ್ ರೈಫಲ್ ಅನ್ನು 700 ಗ್ರಾಂಗಿಂತ ಕೆಳಗೆ ಇಳಿಸಲು ನಾನು ಒಪ್ಪುವುದಿಲ್ಲ.

ಹೊಂದಿಸಿದ ಮೇಲೆ ಒಂದು ಪರೀಕ್ಷೆ ಕಡ್ಡಾಯ. ರೇಂಜ್‌ನಲ್ಲಿ ಗುಂಡು ತುಂಬಿ, ಕೊಳವೆ ಮುಚ್ಚಿ, ಗುರಿಯ ಕಡೆಗೇ ಮುಖ ಮಾಡಿ, ಟ್ರಿಗರ್ ಮುಟ್ಟದೆ ಬಟ್ ಮೇಲೆ ರಬ್ಬರ್ ಸುತ್ತಿಗೆಯಿಂದ ಹತ್ತಾರು ಸಲ ಬಡಿಯಿರಿ. ಒಂದೇ ಒಂದು ಸಲ ಜಾರಿದರೂ ಸ್ಕ್ರೂಗಳನ್ನು ಫೋಟೊದಲ್ಲಿದ್ದ ಸ್ಥಾನಕ್ಕೆ ತಿರುಗಿಸಿ ಮೊದಲಿನಿಂದ ಶುರು ಮಾಡಿ. ಮನೆಯ ಬಾಲ್ಕನಿಯಲ್ಲಿ, ತಾರಸಿಯಲ್ಲಿ ಈ ಪರೀಕ್ಷೆ ಬೇಡ. ಈ ಪುಟ್ಟ ಗುಂಡು ನೂರಾರು ಅಡಿ ಹಾರುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ. ಹಕ್ಕಿಗಳ ಮೇಲೆ ಪ್ರಯೋಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ರೇಂಜ್‌ಗೆ ಒಯ್ಯುವಾಗ ರೈಫಲ್ ಮುಚ್ಚಿದ ಪೆಟ್ಟಿಗೆಯಲ್ಲಿ, ಖರೀದಿ ರಸೀದಿಯ ಪ್ರತಿ ಜೊತೆಯಲ್ಲಿ ಇರಲಿ.

ಹೊಸ ಸ್ಟಾಕ್‌ನಲ್ಲಿ ಮೊದಲ ಡಬ್ಬಿ ಗುಂಡು ಮುಗಿದ ಮೇಲೆ ಸ್ಕ್ರೂಗಳನ್ನು ಒಮ್ಮೆ ಬಿಗಿದು ನೋಡಿ, ಸ್ಪ್ರಿಂಗ್ ರೈಫಲ್ ಆದರೆ ಸ್ಕ್ರೂ ಸಡಿಲವಾಗದಂತೆ ತಡೆಯುವ ಮಧ್ಯಮ ಬಲದ ಥ್ರೆಡ್‌ಲಾಕ್ ಅಂಟು ಒಂದು ಹನಿ ಹಾಕಿ. ಸೈಟ್‌ಗಳನ್ನು ಹೊಸದಾಗಿ ಹೊಂದಿಸಬೇಕಾಗುತ್ತದೆ. ಮೊದಲ ಮಳೆಗಾಲದ ನಡುವೆ, ಆಗಸ್ಟ್‌ನಲ್ಲಿ, ಲೋಹದ ಪಕ್ಕದ ಸಂದಿಗೆ ಕಾಗದದ ಪಟ್ಟಿ ತೂರಿಸಿ ಉದ್ದಕ್ಕೂ ಎಳೆಯಿರಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ, ಸ್ಟಾಕ್ ಬಿಚ್ಚಿ, ಅಷ್ಟೇ ಜಾಗವನ್ನು ಕೀಸಿ, ಹೊಸದಾಗಿ ಕೀಸಿದ ಮರಕ್ಕೆ ಎಣ್ಣೆ ಸವರಿ ಎರಡು ದಿನ ಒಣಗಲು ಬಿಟ್ಟು ಮತ್ತೆ ಜೋಡಿಸಿ.